ಪಾಸಾದ ಕಪ್ಪಿಗೆ ಗುರುತಿಲ್ಲ

ನನ್ನ ಕಿವಿಯನ್ನು ನಾನೇ ಹೊಗಳಿಕೊಂಡರೆ ಜಂಬವಾಗುತ್ತದೆ ಎಂದು ಗೊತ್ತಿದ್ದೂ ಮೂವತ್ತೊಂದು ವರ್ಷ ಬಿಡದೆ ಹೊಗಳಿಕೊಂಡು ಬಂದವನು ನಾನು. ಪಿಂಗಾಣಿ ಕಪ್ಪು ಮಾಡುವ ಕಾರ್ಖಾನೆಯಲ್ಲಿ ನನ್ನದು ತಟ್ಟುವ ಮೇಜು. ಭಟ್ಟಿಯಲ್ಲಿ ಬೆಂದು ತಣ್ಣಗಾಗಿ ಬಂದ ಕಪ್ಪನ್ನು ಎಡಗೈಯ ತೋರುಬೆರಳಿಗೆ ನೇತುಹಾಕಿಕೊಂಡು, ಬಲಗೈಯಲ್ಲಿ ಹಿಡಿದ ಪುಟ್ಟ ಮರದ ಕೋಲಿನಿಂದ ಅಂಚಿಗೆ ಒಂದೇ ಒಂದು ಸಲ ತಟ್ಟಬೇಕು. ಟಣ್ ಎಂದು ಉದ್ದಕ್ಕೆ ಹಾಡಿದರೆ ಕಪ್ಪು ಗಟ್ಟಿ. ಟಪ್ ಎಂದು ಮೊಟಕಾಗಿ ನಿಂತರೆ ಒಳಗೆಲ್ಲೋ ಕಣ್ಣಿಗೆ ಕಾಣದ ಬಿರುಕಿದೆ ಎಂದರ್ಥ. ಬಿರುಕಿನ ಕಪ್ಪಿಗೆ ದಪ್ಪ ಕೆಂಪು ಪೆನ್ಸಿಲಿನಲ್ಲಿ ಒಂದು ಇಂಟು ಮಾರ್ಕು ಹಾಕಿ ಪಕ್ಕದ ಬುಟ್ಟಿಗೆ ಬಿಡಬೇಕು. ಪಾಸಾದ ಕಪ್ಪಿಗೆ ಯಾವ ಗುರುತೂ ಇಲ್ಲ. ಅದು ಸುಮ್ಮನೆ ಟ್ರೇಗೆ ಹೋಗಿ ಕೂರುತ್ತದೆ.

ಈ ಪದ್ಧತಿ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಹೀಗಾಗಿ ಅದನ್ನು ಮನೆಗೂ ತಂದೆ. ಅಡುಗೆ ಚೆನ್ನಾಗಿದ್ದ ದಿನ ತಟ್ಟೆ ಖಾಲಿ ಮಾಡಿ ಎದ್ದು ಹೋಗುತ್ತಿದ್ದೆ. ಉಪ್ಪು ಒಂದು ಚಿಟಿಕೆ ಹೆಚ್ಚಾದ ದಿನ ಮಾತ್ರ ಬಾಯಿ ತೆರೆಯುತ್ತಿದ್ದೆ.

“ನಿಮ್ಮ ಬಾಯಿಂದ ಒಂದು ಒಳ್ಳೆ ಮಾತು ಬೀಳಲ್ವಲ್ರೀ,” ಎಂದು ಹೆಂಡತಿ ಆಗಾಗ ಹೇಳುತ್ತಿದ್ದಳು.

“ಏನೂ ಹೇಳ್ಲಿಲ್ಲ ಅಂದ್ರೆ ಪಾಸು ಅಂತ ಅರ್ಥ ಕಣೇ. ಇಷ್ಟು ವರ್ಷ ಆದ್ರೂ ಗೊತ್ತಾಗಲ್ವಾ ನಿಂಗೆ?” ಎಂದು ನಾನು ಹೇಳುತ್ತಿದ್ದೆ. ಎಂಥ ಉತ್ತರ ಕೊಟ್ಟೆ ಎಂದು ಆಮೇಲೆ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಕಾರ್ಖಾನೆಗೆ ಹೊಸ ಮ್ಯಾನೇಜರ್ ಮೇಡಂ ಬಂದದ್ದು ಇಂಥ ಹೊತ್ತಿನಲ್ಲಿ. ನನ್ನ ಮಗಳಿಗಿಂತ ಎರಡು ವರ್ಷಕ್ಕೆ ದೊಡ್ಡವರಿರಬಹುದು. ಬಂದ ತಿಂಗಳಲ್ಲೇ ಎಲ್ಲರ ಕೈಗೂ ನೀಲಿ ರಟ್ಟಿನ ಒಂದೊಂದು ನೋಟ್‌ಬುಕ್ ಕೊಟ್ಟರು. ದಿನಾ ಮನೆಗೆ ಹೊರಡುವ ಮುಂಚೆ, ಇವತ್ತು ನಾವು ಯಾವುದಕ್ಕೆ ಕೃತಜ್ಞರಾಗಿದ್ದೇವೆ ಎಂದು ಮೂರು ವಿಷಯ ಬರೆಯಬೇಕಂತೆ. ಬರೆದರೆ ಮನಸ್ಸು ಹಗುರಾಗುತ್ತದಂತೆ, ನಿದ್ದೆ ಚೆನ್ನಾಗಿ ಬರುತ್ತದಂತೆ, ಜಗಳ ಕಡಿಮೆಯಾಗುತ್ತದಂತೆ, ರಕ್ತದೊತ್ತಡವೂ ಇಳಿಯುತ್ತದಂತೆ. ನನ್ನ ರಕ್ತದೊತ್ತಡ ಏರಿದ್ದೇ ಆ ಪುಸ್ತಕ ನೋಡಿ.

“ನಾನು ಓದೋದಿಲ್ಲ. ನಿಮಗೋಸ್ಕರ ಬರ್ಕೊಳ್ಳಿ. ಶನಿವಾರ ಪುಟ ತುಂಬಿದೆಯಾ ಅಂತ ಮಾತ್ರ ನೋಡ್ತೀನಿ,” ಎಂದರು ಮೇಡಂ.

ನಾನು ಅದೇ ವಾರ ಅವರಿಗೆ ಬೇರೆ ಒಂದು ಪುಟ ಬರೆದುಕೊಟ್ಟೆ. ಅದು ದೂರು.

ದೂರು ನನ್ನ ಪಕ್ಕದ ಮೇಜಿನಾಕೆಯ ಮೇಲೆ. ನಮ್ಮ ವಿಭಾಗದಲ್ಲಿ ತಟ್ಟುವ ಮೇಜುಗಳು ಎರಡೇ. ಹನ್ನೊಂದು ವರ್ಷದಿಂದ ಆಕೆ ನನ್ನ ಎಡಗಡೆ ಕೂರುತ್ತಾಳೆ. ಆಕೆಗೆ ‘ನಿಧಾನಕ್ಕ’ ಎಂದು ಹೆಸರಿಟ್ಟವನು ನಾನೇ. ಅದು ಇಡೀ ಕಾರ್ಖಾನೆಗೆ ಅಂಟಿಕೊಂಡಿತು. ಮೊದಲು ನನ್ನ ಸಮಕ್ಕೆ ತಟ್ಟುತ್ತಿದ್ದವಳು, ಎರಡು ವರ್ಷದಿಂದ ನಾನು ನೂರು ಕಪ್ಪು ಮುಗಿಸುವಷ್ಟರಲ್ಲಿ ಅರವತ್ತರಲ್ಲೇ ಇರುತ್ತಿದ್ದಳು. ಚಹಾದ ಹೊತ್ತಿನಲ್ಲಿ ಎಲ್ಲರೂ ಎದ್ದು ಹೋದರೂ ಮೇಜು ಬಿಟ್ಟು ಏಳುತ್ತಿರಲಿಲ್ಲ. ‘ಇವರ ಪಾಲಿನ ಕೆಲಸವನ್ನೂ ನಾನೇ ಹೊರಬೇಕಾಗಿದೆ, ಸಹೋದ್ಯೋಗಿಗಳೊಡನೆ ಬೆರೆಯುವುದೂ ಇಲ್ಲ’ ಎಂದು ದುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ಉದ್ದನೆಯ ಸಹಿ ಹಾಕಿದೆ. ಹಾಗೆ ಬರೆದುಕೊಟ್ಟು ಬಂದ ಮೇಲೆ ಮನಸ್ಸು ನಿಜಕ್ಕೂ ಹಗುರಾಯಿತು. ಮೇಡಂ ಹೇಳಿದ ಲಾಭ ನನಗೆ ಸಿಕ್ಕಿದ್ದು ಆ ಪುಟದಿಂದ.

ನೀಲಿ ಪುಸ್ತಕದ ಕಥೆ ಬೇರೆ. ಮೊದಲ ದಿನ ಅರ್ಧ ಗಂಟೆ ಪೆನ್ನು ಕಚ್ಚಿದೆ. ದಿನವಿಡೀ ತಪ್ಪು ಹುಡುಕುವುದಕ್ಕೆ ಸಂಬಳ ತೆಗೆದುಕೊಳ್ಳುವವನಿಗೆ ಒಳ್ಳೆಯದು ಎಲ್ಲಿಂದ ಕಾಣಬೇಕು? ಕೊನೆಗೆ ಒಂದು ದಾರಿ ಹೊಳೆಯಿತು. ಯಾವುದು ಸಿಕ್ಕಿದೆ ಎಂದು ಹುಡುಕುವ ಬದಲು, ಯಾವ ಕಾಟ ತಪ್ಪಿದೆ ಎಂದು ಹುಡುಕಿದೆ. ಆಗ ಪೆನ್ನು ತಾನಾಗಿ ಓಡಿತು.

‘೧. ಎದುರು ಮನೆಯ ನಾಯಿ ಬೊಗಳುವುದನ್ನು ಬಿಟ್ಟಿದೆ. ೨. ಮೇಲಿನ ಮನೆಯವರು ಕುರ್ಚಿ ಎಳೆದಾಡುವುದನ್ನು ನಿಲ್ಲಿಸಿದ್ದಾರೆ. ೩. ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದು ತಾನಾಗಿಯೇ ನಿಂತಿದೆ.’

ಮರುದಿನ ಫ್ಯಾನಿನ ಕಿರುಗುಟ್ಟುವಿಕೆ ಹೋಗಿದ್ದು, ಅತ್ತೆ ಬಂದಾಗ ಗೊರಕೆ ಹೊಡೆಯದೆ ಇದ್ದದ್ದು, ಬಾಗಿಲು ಬಡಿದು ತೊಂದರೆ ಕೊಡುವವರು ಕಡಿಮೆಯಾಗಿದ್ದು ಬರೆದೆ. ಅದರ ಮರುದಿನ ‘ಹೆಂಡತಿ ಕೆಲಸ ಮಾಡುತ್ತಾ ಗುನುಗುವ ಚಾಳಿ ಬಿಟ್ಟಿದ್ದಾಳೆ’ ಎಂದು ಬರೆದೆ. ವಾರಕ್ಕೆ ಹದಿನೆಂಟು ಕೃತಜ್ಞತೆ! ಕಾರ್ಖಾನೆಯಲ್ಲಿ ಇಷ್ಟು ಸರಾಗವಾಗಿ ಬರೆದವರು ಇನ್ನೊಬ್ಬರಿರಲಾರರು ಎಂದು ಅದಕ್ಕೂ ಮೀಸೆ ತಿರುವಿದೆ. ಮೇಡಂ ಶನಿವಾರ ಪುಟ ತಿರುವಿ ನೋಡಿ, “ಭಾಳ ಚೆನ್ನಾಗಿ ತುಂಬಿಸಿದೀರಿ ಸರ್,” ಎಂದರು. ಹಾಗೆಯೇ, ನಿಧಾನಕ್ಕನನ್ನು ಮುಂದಿನ ವಾರ ಬಿಟ್ಟು ಅದರ ಮುಂದಿನ ಸೋಮವಾರದಿಂದ ಪ್ಯಾಕಿಂಗ್ ವಿಭಾಗಕ್ಕೆ ಹಾಕುತ್ತಿರುವುದಾಗಿ ತಿಳಿಸಿದರು. ಅಲ್ಲಿ ದಿನವಿಡೀ ನಿಂತೇ ಇರಬೇಕು, ಬಗ್ಗಿ ಪೆಟ್ಟಿಗೆ ಎತ್ತಬೇಕು. ಆಕೆಗೆ ಮಂಡಿ ನೋವು ಎಂದು ನನಗೆ ಗೊತ್ತಿತ್ತು. ಆದರೂ ತಲೆಯಾಡಿಸಿ ಬಂದೆ.

ಭಾನುವಾರ ಬೆಳಗ್ಗೆ ಒಗೆಯಲೆಂದು ನನ್ನ ಚೀಲದಿಂದ ಕೆಲಸದ ಅಂಗಿ ತೆಗೆದ ಹೆಂಡತಿಗೆ ಅದರಲ್ಲೇ ನೀಲಿ ಪುಸ್ತಕ ಸಿಕ್ಕಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿದಳು. ಮೊದಲು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನ್ನ ಬರವಣಿಗೆಯಲ್ಲಿ ಅಷ್ಟು ಹಾಸ್ಯವಿದೆ ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಒಂದು ಪುಟದಲ್ಲಿ ನಿಂತುಬಿಟ್ಟಳು. ನಗು ಅಲ್ಲಿಗೆ ಮುಗಿಯಿತು.

ಹತ್ತಿರ ಬಂದು, ಈಚೆಗೆ ರೂಢಿಯಾಗಿದ್ದಂತೆ ದನಿ ಏರಿಸಿ ಹೇಳಿದಳು. “ನಾನು ಗುನುಗೋದು ಬಿಟ್ಟಿಲ್ಲ ರೀ.”

“ಯಾಕೆ ಕಿರುಚ್ತೀಯಾ? ಇಲ್ಲೇ ಇದೀನಲ್ಲ.”

“ಕಿರುಚ್ದೆ ಇದ್ರೆ ನಿಮಗೆ ಕೇಳಲ್ಲ. ಎರಡು ವರ್ಷದಿಂದ ಹೇಳ್ತಾ ಇದೀನಿ, ಡಾಕ್ಟರ ಹತ್ರ ಹೋಗಿ ಅಂತ. ಆ ನಾಯಿ ಈಗ್ಲೂ ಬೊಗಳ್ತಾ ಇದೆ. ನಲ್ಲಿ ತೊಟ್ಟಿಕ್ತಾನೇ ಇದೆ, ಇಲ್ದೆ ಹೋದ್ರೆ ಅದರ ಕೆಳಗೆ ಬಕೆಟ್ ಯಾಕೆ ಇಡ್ತೀನಿ ಅಂದ್ಕೊಂಡ್ರಿ? ಅಮ್ಮ ಗೊರಕೆ ಹೊಡೀಲಿಲ್ವಂತೆ! ಪಕ್ಕದ ಮನೆಯೋರು ಬಂದು ಕೇಳಿದ್ರು, ಏನು ಯಂತ್ರ ತಂದ್ರಿ ಅಂತ.”

ಮೂವತ್ತೊಂದು ವರ್ಷ ಕಿವಿಯಿಂದಲೇ ಅನ್ನ ತಿಂದವನಿಗೆ ಹೇಳುವ ಮಾತೇ ಇದು? ನನಗೆ ಸಿಟ್ಟು ನೆತ್ತಿಗೇರಿತು. ಬೇಕಾದರೆ ಪರೀಕ್ಷೆ ಮಾಡು ಎಂದೆ. ನಮ್ಮ ಮನೆಯಲ್ಲಿ ಕಪ್ಪುಗಳಿಗೇನೂ ಬರವಿಲ್ಲ. ಗೋಡೆಗೆ ಮುಖ ಮಾಡಿ ನಿಂತೆ. ಅವಳು ಹಿಂದೆ ನಿಂತು ಚಮಚದಿಂದ ತಟ್ಟಿ, ಪ್ರತಿ ಸಲವೂ “ಹೂಂ, ಹೇಳಿ,” ಎಂದು ಜೋರಾಗಿ ಕೇಳುತ್ತಾ ಹೋದಳು. ನಾನು ಹಿಂದೆಮುಂದೆ ನೋಡದೆ ತೀರ್ಪು ಕೊಟ್ಟೆ. ಪಾಸು. ಪಾಸು. ಪಾಸು. ಪಾಸು. ಐದನೆಯದಕ್ಕೂ ಪಾಸು.

ತಿರುಗಿ ನೋಡಿದೆ. ಮೇಜಿನ ಮೇಲೆ ಐದು ಕಪ್ಪು. ಮೂರನೆಯದು ನಾವು ಹಲ್ಲುಜ್ಜುವ ಬ್ರಷ್ಷು ಇಡುವ ಕಪ್ಪು. ಅದರ ಬಿರುಕು ಅಂಚಿನಿಂದ ತಳದವರೆಗೆ ಕಣ್ಣಿಗೆ ಹೊಡೆಯುವಂತಿದೆ.

“ಐದನೇದನ್ನ ನಾನು ತಟ್ಟೇ ಇಲ್ಲ ರೀ,” ಎಂದಳು ಹೆಂಡತಿ. ಈ ಸಲ ಕಿರುಚಲಿಲ್ಲ. ತುಟಿ ನೋಡಿ ತಿಳಿದುಕೊಂಡೆ.

ಅವಳು ಪುಸ್ತಕವನ್ನು ನನ್ನ ಕೈಗಿಟ್ಟು ಒಳಗೆ ಹೋದಳು. ಆ ಪುಟಗಳನ್ನು ಮತ್ತೆ ಓದಿದೆ. ಹದಿನೆಂಟರಲ್ಲಿ ಹದಿನಾಲ್ಕು ನನ್ನ ಕಿವುಡಿನ ಲಕ್ಷಣಗಳು. ಯಾವ ಡಾಕ್ಟರೂ ಇಷ್ಟು ಕ್ರಮವಾಗಿ ಬರೆದುಕೊಂಡಿರಲಾರರು. ಅಡುಗೆಮನೆಯ ಕಡೆ ನೋಡಿದರೆ ಅವಳು ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು, ತಲೆ ಸಣ್ಣಗೆ ಅತ್ತಿತ್ತ ಆಡುತ್ತಿತ್ತು. ಗುನುಗುತ್ತಿರಬೇಕು. ನನಗೆ ಒಂದು ಸ್ವರವೂ ಕೇಳಲಿಲ್ಲ.

ಆಗಲೂ ನನ್ನ ಜಂಬ ಒಂದು ಪ್ರಶ್ನೆ ಎತ್ತಿತು. ಎರಡು ವರ್ಷದಿಂದ ಕಿವುಡನಾಗಿದ್ದರೆ ಬಿರುಕಿನ ಕಪ್ಪುಗಳೆಲ್ಲ ಎಲ್ಲಿ ಹೋದವು? ಅಂಗಡಿಗಳಿಂದ ಒಡೆದು ವಾಪಸಾದ ಕಪ್ಪುಗಳ ಪಟ್ಟಿಯನ್ನು, ಯಾವ ಮೇಜಿನಿಂದ ಹೋದದ್ದು ಎಂಬುದರ ಸಮೇತ, ತಿಂಗಳಿಗೊಮ್ಮೆ ಕಾರ್ಖಾನೆಯ ಬೋರ್ಡಿಗೆ ಅಂಟಿಸುತ್ತಾರೆ. ನನ್ನ ಮೇಜಿನ ಸಂಖ್ಯೆ ಅಲ್ಲಿ ಒಂದು ಸಲವೂ ಬಂದಿರಲಿಲ್ಲ.

ಸೋಮವಾರ ಹೋದವನೇ ಮೊದಲು ನನ್ನ ಬುಟ್ಟಿಯನ್ನು ಮೇಜಿನ ಮೇಲೆ ಸುರಿದುಕೊಂಡೆ. ಶನಿವಾರದ ತಿರಸ್ಕೃತ ಕಪ್ಪುಗಳು ಇನ್ನೂ ಅದರಲ್ಲೇ ಇದ್ದವು. ನನ್ನ ಇಂಟು ಮಾರ್ಕು ದೊಡ್ಡದು, ಕಪ್ಪಿನ ಹೊಟ್ಟೆಯ ಮೇಲೆ, ಕೆನ್ನೆಗೆ ಬಾರಿಸಿದ ಹಾಗೆ ಇರುತ್ತದೆ. ಬುಟ್ಟಿಯಲ್ಲಿ ನಲವತ್ತು ಕಪ್ಪಿದ್ದವು. ಹದಿನೇಳರ ಮೇಲೆ ನನ್ನ ಮಾರ್ಕು. ಅವುಗಳಲ್ಲಿ ಹೆಚ್ಚಿನವು ಬಿರುಕು ಕಣ್ಣಿಗೇ ಕಾಣುವಂಥವು. ಉಳಿದ ಇಪ್ಪತ್ತಮೂರರ ಮೇಲೆ ಹಿಡಿಕೆಯ ಬುಡದಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ, ಅಚ್ಚುಕಟ್ಟಾದ ಇಂಟು ಮಾರ್ಕು. ದಿನಾ ಪಕ್ಕದ ಮೇಜಿನಲ್ಲೇ ಬೀಳುತ್ತಿದ್ದ ಆ ಮಾರ್ಕನ್ನು ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ನೋಡಿರಲಿಲ್ಲ.

ಚಹಾದ ಹೊತ್ತಿಗೆ ಎಲ್ಲರೂ ಎದ್ದದ್ದನ್ನು ನೋಡಿ ನಾನೂ ಎದ್ದೆ. ಈಗ ಯೋಚಿಸಿದರೆ, ಎಷ್ಟೋ ದಿನದಿಂದ ನಾನು ಗಂಟೆ ಕೇಳಿ ಎದ್ದವನೇ ಅಲ್ಲ. ಹತ್ತು ಹೆಜ್ಜೆ ಹೋಗಿ ಹಿಂದಿರುಗಿದೆ. ನಿಧಾನಕ್ಕ ನನ್ನ ಟ್ರೇಯನ್ನು ಎಳೆದುಕೊಂಡು, ನಾನು ಪಾಸು ಮಾಡಿದ ಒಂದೊಂದೇ ಕಪ್ಪನ್ನು ಬೆರಳಿಗೆ ನೇತುಹಾಕಿ ತಟ್ಟುತ್ತಿದ್ದಳು. ಮೂರು ಕಪ್ಪು ಟ್ರೇಗೆ ಹೋದವು. ನಾಲ್ಕನೆಯದಕ್ಕೆ ಹಿಡಿಕೆಯ ಬುಡದಲ್ಲಿ ಪುಟ್ಟ ಇಂಟು ಬಿತ್ತು.

“ಯಾವಾಗಿಂದ?” ಎಂದೆ.

ಆಕೆ ಬೆಚ್ಚಲಿಲ್ಲ. ಕಪ್ಪನ್ನು ಬುಟ್ಟಿಗೆ ಬಿಟ್ಟು, ನನ್ನ ಕಡೆ ಪೂರ್ತಿ ತಿರುಗಿ, ನನಗೆ ಕೇಳುವ ಹಾಗೆ ನಿಧಾನವಾಗಿ ಹೇಳಿದಳು. “ಎರಡು ವರ್ಷ ಆಗ್ತಾ ಬಂತು ಅಣ್ಣ.”

“ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಗೆ ಹೇಳೋದು? ಬೆಳಗ್ಗೆ ಬಂದ ತಕ್ಷಣ ನಿಮ್ಮ ಕಿವಿ ಪುರಾಣ ಶುರು ಆಗ್ತಿತ್ತು.”

ನನಗೋಸ್ಕರ ಒಂದು ಜೀವ ಎರಡು ವರ್ಷ ಚಹಾ ಬಿಟ್ಟು ದುಡಿದಿದೆಯಲ್ಲ ಎಂದು ಅಭಿಮಾನವೇ ಉಕ್ಕಿತು. “ನನಗೋಸ್ಕರ ಇಷ್ಟೆಲ್ಲ…” ಎಂದು ಶುರುಮಾಡಿದೆ.

“ನಿಮಗೋಸ್ಕರ ಅಂತ ಅಂದ್ಕೋಬೇಡಿ,” ಎಂದಳು. “ಬಿರುಕಿನ ಕಪ್ಪಿಗೆ ಯಾರೋ ಬಿಸಿಬಿಸಿ ಚಹಾ ಹಾಕ್ತಾರೆ. ತೊಡೆ ಮೇಲೆ ಮಗು ಇರತ್ತೆ. ನನಗೆ ಅದೇ ಕಣ್ಣ ಮುಂದೆ ಬರೋದು. ಮತ್ತೆ ನೀವು ರಿಟೈರ್ ಆಗೋಕೆ ಒಂದೂವರೆ ವರ್ಷ ಇದೆ. ಅಲ್ಲೀವರೆಗೆ ಹೀಗೇ ತಳ್ಳಿದ್ರಾಯ್ತು ಅಂದ್ಕೊಂಡೆ. ಆದ್ರೆ ಇನ್ನು ಆಗಲ್ಲ. ನನ್ನನ್ನ ಪ್ಯಾಕಿಂಗಿಗೆ ಹಾಕ್ತಿದಾರೆ.”

“ಓಹೋ,” ಎಂದೆ. ಅದಕ್ಕಿಂತ ನೀಚವಾದ ಓಹೋ ನನ್ನ ಬಾಯಿಂದ ಹಿಂದೆಂದೂ ಹೊರಟಿರಲಿಲ್ಲ.

“ಯಾರೋ ಬರ್ದು ಕೊಟ್ಟಿದಾರಂತೆ. ಈ ಮಂಡಿ ಇಟ್ಕೊಂಡು ಅಲ್ಲಿ ಒಂದು ತಿಂಗಳೂ ನಿಲ್ಲೋಕಾಗಲ್ಲ ನಂಗೆ, ಕೆಲಸ ಬಿಡ್ಬೇಕಾಗತ್ತೆ. ಬರ್ದೋರು ಸಿಕ್ಕಿದ್ರೆ ಒಂದೇ ಮಾತು ಕೇಳ್ಬೇಕು ಅಂತಿದೀನಿ. ಒಂದು ದಿನ ನನ್ನ ಪಕ್ಕ ಕೂತು ನೋಡಿದೀರಾ ಅಂತ.”

ಹನ್ನೊಂದು ವರ್ಷ ಪಕ್ಕದಲ್ಲಿ ಕೂತವನು ನಾನು ಚಹಾ ಕುಡಿಯಲು ಹೋದೆ.

ಇಲ್ಲಿಂದ ಮುಂದೆ ನಾನು ನೇರವಾಗಿ ಮೇಡಂ ಬಳಿಗೆ ಹೋದೆ ಎಂದು ಬರೆಯಲು ನನಗೂ ಆಸೆ. ಆದರೆ ಆ ದೂರನ್ನು ವಾಪಸು ಪಡೆಯಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ನನ್ನ ಕಿವಿ ಹೋದದ್ದು ಊರಿಗೆಲ್ಲ ತಿಳಿಯುತ್ತದೆ. ಹೀಗಾಗಿ ವಾರವೆಲ್ಲ ಅಗ್ಗದ ದಾರಿ ಹಿಡಿದೆ. ನಿಧಾನಕ್ಕನಿಗೆ ದಿನಕ್ಕೆ ನಾಲ್ಕು ಸಲ ಥ್ಯಾಂಕ್ಸ್ ಹೇಳಿದೆ. ಚಹಾ ತಂದು ಮೇಜಿನ ಮೇಲಿಟ್ಟೆ. ಆಕೆಯ ಟ್ರೇಗಳನ್ನು ನಾನೇ ಹೊತ್ತೆ. ನೀಲಿ ಪುಸ್ತಕದ ತುಂಬ ಆಕೆಯದೇ ಗುಣಗಾನ ಬರೆದೆ, ಅದನ್ನು ಬರೆದಾಗೆಲ್ಲ ನಾನೆಷ್ಟು ಬದಲಾಗಿದ್ದೇನೆ ಎಂದು ಕಣ್ಣು ಒದ್ದೆ ಮಾಡಿಕೊಂಡೆ. ಆ ದೂರು ಮಾತ್ರ ಮೇಡಂ ಅವರ ಡ್ರಾಯರಿನಲ್ಲಿ ನನ್ನ ಉದ್ದನೆಯ ಸಹಿಯ ಸಮೇತ ತಣ್ಣಗೆ ಮಲಗಿತ್ತು. ಮನೆಯಲ್ಲಿ ಎರಡು ಸಲ ಅಡುಗೆ ಚೆನ್ನಾಗಿದೆ ಎಂದೆ. ಹೆಂಡತಿ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ಶುಕ್ರವಾರ ಊಟದ ಹೊತ್ತಿನಲ್ಲಿ ಅವಳಿಗೆ ಎಲ್ಲ ಹೇಳಿಬಿಟ್ಟೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಅದೊಂದು ಶಿಕ್ಷೆಯಾಗಿ ಮುಗಿಯುತ್ತಿತ್ತು.

“ಆಯಮ್ಮನಿಗೆ ಬೇಕಾಗಿರೋದು ನಿಮ್ಮ ಥ್ಯಾಂಕ್ಸ್ ಅಲ್ಲ ರೀ,” ಎಂದು ಜೋರಾಗಿ ಹೇಳಿದಳು. “ಕುರ್ಚಿ.”

ಶನಿವಾರ ಬೆಳಗ್ಗೆ ಮೇಡಂ ಕೋಣೆಗೆ ಹೋದೆ. ದೂರಿನಲ್ಲಿ ಒಂದೆರಡು ಅಕ್ಷರ ತಪ್ಪಾಗಿದೆ, ತಿದ್ದಿ ಕೊಡುತ್ತೇನೆ ಎಂದು ಮೊದಲು ಸುಳ್ಳು ಹೇಳಿದೆ. ಅವರು ಕಾಗದ ತೆಗೆದು ನೋಡಿ, ಎಲ್ಲೂ ತಪ್ಪಿಲ್ಲವಲ್ಲ ಎಂದರು. ಬೇರೆ ದಾರಿ ಉಳಿಯಲಿಲ್ಲ.

“ಎಲ್ಲಾ ತಪ್ಪೇ ಮೇಡಂ,” ಎಂದೆ. “ಅವರು ನಿಧಾನ ಆಗಿದ್ದು ನನ್ನ ಕೆಲಸಾನೂ ಅವರೇ ಮಾಡ್ತಿದ್ದಿದ್ರಿಂದ. ನನಗೆ ಕಿವಿ ಕೇಳಲ್ಲ. ಎರಡು ವರ್ಷದಿಂದ ಕೇಳಲ್ಲ.”

ಮೂವತ್ತೊಂದು ವರ್ಷ ಹೊತ್ತ ಕೊಂಬು ಒಂದೇ ವಾಕ್ಯಕ್ಕೆ ಕಳಚಿ ಬಿತ್ತು. ಮೇಡಂ ಬಹಳ ಹೊತ್ತು ಏನೋ ಮಾತಾಡಿದರು. ಅರ್ಧ ನನಗೆ ಕೇಳಲಿಲ್ಲ. ಇನ್ನು ನಾಚಿಕೆಯಿಲ್ಲವಲ್ಲ, “ಜೋರಾಗಿ ಹೇಳಿ,” ಎಂದೆ. ಅವರು ನನ್ನ ಪಕ್ಕದ ಕುರ್ಚಿಗೆ ಬಂದು ಕೂತು ಮತ್ತೆ ಹೇಳಿದರು. ಒಂದು ಕಪ್ಪು ತಪ್ಪಿ ಹೋಗಿದ್ದರೂ ಯಾರಿಗಾದರೂ ಸುಟ್ಟಿರುತ್ತಿತ್ತು, ನೀವು ಮೊದಲೇ ಹೇಳಬೇಕಿತ್ತು ಎಂದರು. ಸರಿಯಾದ ಮಾತು. ಪ್ಯಾಕಿಂಗಿಗೆ ಮಾತ್ರ ಒಬ್ಬರು ಬೇಕೇ ಬೇಕು, ಯಾರನ್ನು ಹಾಕಲಿ ಎಂದು ಕೇಳಿದರು.

“ನನ್ನನ್ನ ಹಾಕಿ. ನನ್ನ ಮಂಡಿ ಗಟ್ಟಿ ಇದೆ,” ಎಂದೆ. ದೇಹದಲ್ಲಿ ಹೊಗಳಿಕೊಳ್ಳಲು ಅಷ್ಟಾದರೂ ಉಳಿದಿತ್ತು.

ದೂರನ್ನು ಅವರು ನನ್ನ ಕೈಗೇ ವಾಪಸು ಕೊಟ್ಟರು. ಮೇಜಿಗೆ ಬಂದು ನೀಲಿ ಪುಸ್ತಕ ತೆರೆದು ಆ ದಿನದ ಪುಟ ಬರೆದೆ. ದೂರನ್ನು ಅದರೊಳಗೆ ಇಟ್ಟು ನಿಧಾನಕ್ಕನ ಮುಂದೆ ಚಾಚಿದೆ.

“ನೀವು ಇಲ್ಲೇ ಇರ್ತೀರಿ. ನಾನು ಪ್ಯಾಕಿಂಗಿಗೆ ಹೋಗ್ತಿದೀನಿ. ಯಾಕೆ ಅಂತ ಇದ್ರಲ್ಲಿದೆ,” ಎಂದೆ. ಬಾಯಲ್ಲಿ ಹೇಳುವ ಧೈರ್ಯ ಮೇಡಂ ಕೋಣೆಯಲ್ಲೇ ಖರ್ಚಾಗಿಹೋಗಿತ್ತು.

ಆಕೆ ಮೊದಲು ದೂರನ್ನು ಓದಿದಳು. ಸಹಿಯವರೆಗೂ ಓದಿದಳು. ಮುಖ ಕೆಂಪಾಯಿತು. ಆ ಒಂದೇ ಮಾತನ್ನು ಈಗ ಕೇಳುತ್ತಾಳೆ ಎಂದು ಆಕೆಯ ತುಟಿಯನ್ನೇ ನೋಡುತ್ತಾ ನಿಂತೆ. ಆಕೆ ಕೇಳಲಿಲ್ಲ. ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟು, ಕನ್ನಡಕ ಒರೆಸಿಕೊಂಡು, ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು. ನಾನು ಬರೆದದ್ದು ಇಷ್ಟು.

‘೧. ಪಕ್ಕದ ಮೇಜಿನವರು ಎರಡು ವರ್ಷ ನನ್ನ ಕಪ್ಪುಗಳನ್ನು ಮತ್ತೆ ತಟ್ಟಿ ನೋಡಿದರು. ಅದಕ್ಕೆ ಪ್ರತಿಯಾಗಿ ನಾನು ಅವರ ಮೇಲೆ ದೂರು ಕೊಟ್ಟೆ. ಹನ್ನೊಂದು ವರ್ಷ ಪಕ್ಕ ಕೂತಿದ್ದೆ, ನೋಡಿರಲಿಲ್ಲ.

೨. ನನ್ನ ಹೆಂಡತಿ ಎರಡು ವರ್ಷ ಬೇಸರವಿಲ್ಲದೆ ಕಿರುಚಿದಳು. ಗುನುಗುವುದನ್ನೂ ಬಿಡಲಿಲ್ಲ.

೩. ತಪ್ಪನ್ನು ಒಪ್ಪಿಕೊಳ್ಳುವ ದೊಡ್ಡ ಮನಸ್ಸು ಎಲ್ಲರಿಗೂ ಇರುವುದಿಲ್ಲ. ಅದು ನನಗಿದೆ.’

ಆಕೆ ನಿಧಾನವಾಗಿ ಓದಿದಳು, ಎಲ್ಲವನ್ನೂ ಮಾಡುವ ಹಾಗೆ. ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಕೆಂಪು ಪೆನ್ಸಿಲ್ ತೆಗೆದು ಮೊದಲನೆಯದರ ಮೇಲೆ ಹಿಡಿದಳು. ಪೆನ್ಸಿಲ್ ಅಲ್ಲಿ ಸ್ವಲ್ಪ ಹೊತ್ತು ನಿಂತು ಕೆಳಕ್ಕೆ ಬಂತು. ಎರಡನೆಯದರ ಮೇಲೆ ನಿಂತಿತು. ಮತ್ತೆ ಕೆಳಕ್ಕೆ ಬಂತು.

ಮೂರನೆಯದರ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಚಿಕ್ಕದಾಗಿ, ಅಚ್ಚುಕಟ್ಟಾಗಿ ಒಂದು ಇಂಟು ಮಾರ್ಕು ಹಾಕಿದಳು.

ಪುಸ್ತಕವನ್ನು ಮುಚ್ಚಿ ನನ್ನ ಕೈಗೆ ಕೊಟ್ಟು, ಟ್ರೇ ಎಳೆದುಕೊಂಡು ಮುಂದಿನ ಕಪ್ಪನ್ನು ಬೆರಳಿಗೆ ನೇತುಹಾಕಿದಳು. ಬಾಗಿಲವರೆಗೆ ಹೋದವನು ಪುಸ್ತಕ ತೆರೆದು ಇನ್ನೊಂದು ಸಲ ನೋಡಿದೆ. ಮೊದಲೆರಡಕ್ಕೆ ಯಾವ ಗುರುತೂ ಇರಲಿಲ್ಲ.